ಉಪ್ಪಿಟ್ಟಿಗೆ ಒಂದು ಲಕ್ಷ ಡಾಲರ್!

ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ “ಬಿಸಿ ಏನಿದೆಯಪ್ಪಾ?” ಎಂದು ಕೇಳಿದರೆ ಉಪ್ಪಿಟ್ಟು. ಹೊರಾಂಗಣ ಷೂಟಿಂಗಿಗೆ ಬೆಳಗಿನ ಜಾವ ಎದ್ದು ಹೋದರೆ ಅಲ್ಲೂ ತಟ್ಟೆ ತುಂಬ ಉಪ್ಪಿಟ್ಟು! ಹಾಸ್ಟೆಲ್ ಹುಡುಗರಂತೂ ಅದಕ್ಕೆ ‘ಕಾಂಕ್ರೀಟು’ ಎಂದು ಹೆಸರಿಟ್ಟು ಎಷ್ಟು ಕಾಲವಾಯಿತೋ!

ಪಾಪ, ತಿಂಡಿಗಳ ಲೋಕದಲ್ಲಿ ಉಪ್ಪಿಟ್ಟಿಗೆ ಯಾವಾಗಲೂ ಪೋಷಕ ಪಾತ್ರ. ಮಸಾಲೆ ದೋಸೆಯೇ ಹೀರೋ. ಇಡ್ಲಿ ಹೀರೋಯಿನ್. ಉಪ್ಪಿಟ್ಟೋ, ಹೀರೋನ ಸ್ನೇಹಿತ. ಇದ್ದರೆ ಯಾರೂ ಗಮನಿಸುವುದಿಲ್ಲ, ಬೇರೇನೂ ಇಲ್ಲದಾಗ ಮಾತ್ರ ಕೈಹಿಡಿಯುತ್ತದೆ.

ಅಂಥ ಉಪ್ಪಿಟ್ಟು ಒಂದು ಸಲ ಹೀರೋ ಆಯಿತು. ಅದೂ ಎಲ್ಲಿ ಅಂತೀರಿ? ಅಮೆರಿಕದಲ್ಲಿ! ಲಕ್ಷಾಂತರ ಜನ ನೋಡುವ ಟೆಲಿವಿಷನ್ ಪರದೆಯ ಮೇಲೆ, ಘಟಾನುಘಟಿ ಬಾಣಸಿಗರ ಪಂದ್ಯದ ಕೊನೆಯ ಕಂತಿನಲ್ಲಿ! ವರ್ಷ 2011, ಜೂನ್ ತಿಂಗಳು. ಅದನ್ನು ಹೀರೋ ಮಾಡಿದವರು ಮುಂಬೈಯಲ್ಲಿ ಹುಟ್ಟಿದ, ಗೋವಾ ಮೂಲದ ಅಡಿಗೆಯವರು. ಹೆಸರು ಫ್ಲಾಯ್ಡ್ ಕಾರ್ಡೋಜ್.

ಈ ಕಥೆಯಲ್ಲಿ ಫೈಟಿಂಗ್ ಇದೆ, ಸೋಲಿದೆ, ಗೆಲುವಿದೆ, ಕೊನೆಗೆ ಕಣ್ಣೀರೂ ಇದೆ. ಯಾವ ಸಿನಿಮಾಕ್ಕೆ ಕಡಿಮೆ, ನೀವೇ ಹೇಳಿ!

ಚಾಕು ಕಟ್ಟಿಕೊಂಡು ಹೊರಡಿ!

ಮೊದಲು ಆ ಪಂದ್ಯದ ವಿಚಾರ ತಿಳಿಯೋಣ.

ಅಮೆರಿಕದ ‘ಬ್ರಾವೋ’ ಚಾನೆಲ್‌ನಲ್ಲಿ 2006ರಲ್ಲಿ ‘ಟಾಪ್ ಷೆಫ್’ ಎಂಬ ಕಾರ್ಯಕ್ರಮ ಶುರುವಾಯಿತು. ಮನೆಯಲ್ಲಿ ಹವ್ಯಾಸಕ್ಕೆ ಅಡಿಗೆ ಮಾಡುವವರಿಗೆ ಇಲ್ಲಿ ಜಾಗವಿಲ್ಲ. ಹೋಟೆಲಿನ ಒಲೆಯ ಮುಂದೆ ಬೆವರು ಸುರಿಸಿ ಹೊಟ್ಟೆ ಹೊರೆಯುವ ವೃತ್ತಿಪರರಿಗೇ ಮೀಸಲು. ಪ್ರತಿ ಕಂತಿನಲ್ಲೂ ಪರೀಕ್ಷೆ. ಸೋತವರು ತಮ್ಮ ಚಾಕುಗಳನ್ನು ಕಟ್ಟಿಕೊಂಡು ಹೊರಡಬೇಕು.

“ಹೊರಡಿ” ಎಂದು ಹೇಳುತ್ತಿದ್ದವರು ಯಾರು ಗೊತ್ತೇ? ನಮ್ಮ ಪಕ್ಕದ ಮದರಾಸಿನಲ್ಲಿ ಹುಟ್ಟಿದ ಪದ್ಮಾ ಲಕ್ಷ್ಮಿ! ಸಿನಿಮಾ ಪ್ರಿಯರಿಗೆ ಈಕೆ ಹೊಸಬರಲ್ಲ. ಅಮಿತಾಭ್ ಬಚ್ಚನ್ ಇದ್ದ, ಕತ್ರೀನಾ ಕೈಫ್ ಮೊದಲ ಬಾರಿಗೆ ಬಣ್ಣ ಹಚ್ಚಿದ ‘ಬೂಮ್’ (2003) ಚಿತ್ರದ ಮೂವರು ನಾಯಕಿಯರಲ್ಲಿ ಒಬ್ಬರು. ಚಿತ್ರ ನೆಲ ಕಚ್ಚಿತು, ಆದರೆ ಪದ್ಮಾ ಅಡಿಗೆಮನೆಯ ಪರದೆಯಲ್ಲಿ ಗೆದ್ದರು. ಎರಡನೇ ಸೀಸನ್‌ನಿಂದ ಹಿಡಿದು 2023ರವರೆಗೆ ‘ಟಾಪ್ ಷೆಫ್’ ನಿರೂಪಣೆ ಅವರದೇ.

ಇದರ ಜನಪ್ರಿಯತೆ ನೋಡಿ 2009ರಲ್ಲಿ ಇನ್ನೊಂದು ಪಂದ್ಯ ಹುಟ್ಟಿತು. ಅದೇ ‘ಟಾಪ್ ಷೆಫ್ ಮಾಸ್ಟರ್ಸ್’. ಇಲ್ಲಿಗೆ ಬರುತ್ತಿದ್ದವರು ಚಿಕ್ಕಪುಟ್ಟವರಲ್ಲ, ಆಗಲೇ ಹೆಸರು ಮಾಡಿ ಕುಳಿತ ಮೇಷ್ಟ್ರುಗಳು. ಮೊದಲ ವರ್ಷ ಮೆಕ್ಸಿಕೋ ಅಡಿಗೆಯಲ್ಲಿ ಪಳಗಿದ ರಿಕ್ ಬೇಲಿಸ್ ಗೆದ್ದರು. 2010ರಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿ ಸ್ವೀಡನ್ನಿನಲ್ಲಿ ಬೆಳೆದ ಮಾರ್ಕಸ್ ಸ್ಯಾಮ್ಯುಯೆಲ್ಸನ್ ಗೆದ್ದರು.

ಈ ಪಂದ್ಯದಲ್ಲೊಂದು ವಿಶೇಷವಿತ್ತು. ಗೆದ್ದ ಹಣ ಗೆದ್ದವರ ಜೇಬಿಗೆ ಹೋಗುತ್ತಿರಲಿಲ್ಲ! ಅವರು ಹೆಸರಿಸಿದ ದತ್ತಿ ಸಂಸ್ಥೆಗೆ ಹೋಗುತ್ತಿತ್ತು. ಹಾಗಾದರೆ ಸ್ಪರ್ಧಿಗೆ ಉಳಿಯುತ್ತಿದ್ದುದೇನು? ಗೆದ್ದರೆ ಹೆಸರು. ಸೋತರೆ... ಊರೆಲ್ಲ ನೋಡುವ ಸೋಲು! ಸ್ವಂತ ಹೋಟೆಲಿನಲ್ಲಿ ಹೆಚ್ಚಿ ಕೊಡಲು ಒಬ್ಬ, ಅರೆದು ಕೊಡಲು ಇನ್ನೊಬ್ಬ, ತಪ್ಪಾದರೆ ಮುಚ್ಚಿಹಾಕಲು ಮತ್ತೊಬ್ಬ ಇರುತ್ತಾನೆ. ಇಲ್ಲಿ ಎದುರಿಗೆ ಗಡಿಯಾರ, ತಲೆಯ ಮೇಲೆ ಕ್ಯಾಮೆರಾ. ಉಪ್ಪು ಹೆಚ್ಚಾದರೆ ರೀಟೇಕ್ ಇರಲಿಲ್ಲ ಸ್ವಾಮೀ!

ಹೀರೋನ ಫ್ಲಾಷ್ ಬ್ಯಾಕ್

ಫ್ಲಾಯ್ಡ್ ಹುಟ್ಟಿದ್ದು 1960ರಲ್ಲಿ, ಅಕ್ಟೋಬರ್ 2ರಂದು. ಆಗಿನ ಬೊಂಬಾಯಿಯಲ್ಲಿ ಓದಿಗೆ ಹಿಡಿದದ್ದು ಜೀವರಸಾಯನ ಶಾಸ್ತ್ರ. ಹಾಗೇ ಮುಂದುವರಿದಿದ್ದರೆ ಯಾವುದೋ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆ ಹಿಡಿದು ಕೂತಿರುತ್ತಿದ್ದರೇನೋ! ಆದರೆ ಒಂದು ಕಾದಂಬರಿ ಅವರ ದಾರಿ ತಪ್ಪಿಸಿತು. ತಪ್ಪಿಸಿತು ಅನ್ನುವುದಕ್ಕಿಂತ ದಾರಿ ತೋರಿಸಿತು ಅನ್ನಬೇಕು. ಆರ್ಥರ್ ಹೇಲಿ ಬರೆದ ‘ಹೋಟೆಲ್’ ಓದಿ, “ನಾನು ಹೋಗಬೇಕಾದದ್ದು ಇಲ್ಲಿಗೆ” ಎಂದು ತೀರ್ಮಾನಿಸಿಬಿಟ್ಟರು.

ಆ ಕಾಲದಲ್ಲಿ ಓದಿದ ಮನೆಯ ಹುಡುಗ “ನಾನು ಅಡಿಗೆಯವನಾಗ್ತೀನಿ” ಅಂದರೆ ಮನೆಮಂದಿಯ ಮುಖ ಹೇಗಾಗುತ್ತಿತ್ತು ಅಂತ ನಿಮಗೇ ಗೊತ್ತು. “ಸಿನಿಮಾ ಸೇರ್ತೀನಿ” ಅಂದ ಹಾಗೇ! ಆದರೂ ಫ್ಲಾಯ್ಡ್ ಹಟ ಬಿಡಲಿಲ್ಲ. ಬೊಂಬಾಯಿಯಲ್ಲಿ ಕಲಿತರು, ಸ್ವಿಟ್ಜರ್ಲೆಂಡಿನಲ್ಲಿ ಹೋಟೆಲ್ ವಿದ್ಯೆ ಓದಿದರು, ಅಲ್ಲಿಂದ ನ್ಯೂಯಾರ್ಕಿಗೆ ಹಾರಿದರು.

ನ್ಯೂಯಾರ್ಕಿನ ‘ಲೆಸ್ಪಿನಾಸ್’ ಆಗ ಫ್ರೆಂಚ್ ಅಡಿಗೆಗೆ ಹೆಸರಾದ ಶ್ರೀಮಂತರ ರೆಸ್ಟೋರೆಂಟು. ಅಲ್ಲಿಯ ಮುಖ್ಯ ಬಾಣಸಿಗರು ಗ್ರೇ ಕುಂಜ್. ಸಿಂಗಪುರದಲ್ಲಿ ಹುಟ್ಟಿದ ಅವರಿಗೆ ಪೂರ್ವದೇಶದ ಮಸಾಲೆಗಳ ಘಮ ಗೊತ್ತಿತ್ತು. ಅವರ ಕೈಕೆಳಗೆ ಕೆಳಗಿನ ಮೆಟ್ಟಿಲಿನಿಂದ ಹತ್ತಿ, ಫ್ಲಾಯ್ಡ್ ಅವರ ಬಲಗೈ ಎನಿಸಿಕೊಂಡರು. ಫ್ರೆಂಚ್ ಅಡಿಗೆಯ ಶಿಸ್ತು ಕೈಗೆ ಬಂತು. ನಾಲಿಗೆ ಮಾತ್ರ ಬೊಂಬಾಯಿಯದೇ!

1998ರಲ್ಲಿ ಡ್ಯಾನಿ ಮೇಯರ್ ಎಂಬ ಹೆಸರಾಂತ ಹೋಟೆಲ್ ಮಾಲೀಕರ ಜತೆ ಸೇರಿ ಹೊಸ ರೆಸ್ಟೋರೆಂಟ್ ತೆರೆದರು. ಹೆಸರು ‘ತಬಲಾ’! ಅಮೆರಿಕದ ತರಕಾರಿ, ಅಮೆರಿಕದ ಮೀನು, ಮಸಾಲೆ ನಮ್ಮದು. ಮರುವರ್ಷವೇ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವಿಮರ್ಶಕಿ ರೂತ್ ರೈಷಲ್ ಮೂರು ನಕ್ಷತ್ರ ಕೊಟ್ಟರು. ಭಾರತೀಯ ಊಟವೆಂದರೆ ಅಗ್ಗದ ಕರಿ, ಖಾರ ಅಂದುಕೊಂಡಿದ್ದ ಊರಿನಲ್ಲಿ ಇದು ಶತದಿನೋತ್ಸವವಿದ್ದಂತೆ.

ಪರದೆ ಬಿತ್ತು

ಆದರೆ ಎಲ್ಲ ಚಿತ್ರಗಳೂ ಒಂದು ದಿನ ಥಿಯೇಟರಿನಿಂದ ಎತ್ತಲ್ಪಡುತ್ತವೆ. ಹನ್ನೆರಡು ವರ್ಷ ಓಡಿದ ‘ತಬಲಾ’ 2010ರ ಡಿಸೆಂಬರ್ ಕೊನೆಯಲ್ಲಿ ಸದ್ದು ನಿಲ್ಲಿಸಿತು. ಐವತ್ತು ವರ್ಷ ತುಂಬಿದ ಮೇಲೆ ಒಬ್ಬ ಅಡಿಗೆಯವನ ಒಲೆ ಆರುವುದು ಅಂದರೇನು? ಐವತ್ತಕ್ಕೆ ನಟನ ಕೈಯಲ್ಲಿ ಚಿತ್ರವಿಲ್ಲದಿದ್ದರೆ ಹೇಗೋ ಹಾಗೆ. “ಅವರ ಕಾಲ ಮುಗೀತು ಬಿಡಿ” ಎನ್ನಲು ಜನ ಕಾದಿರುತ್ತಾರೆ.

‘ಟಾಪ್ ಷೆಫ್ ಮಾಸ್ಟರ್ಸ್’ ಮೂರನೇ ಸೀಸನ್ ಪರದೆಗೆ ಬಂದದ್ದು ಇದಾದ ಕೆಲವೇ ತಿಂಗಳಿಗೆ, 2011ರ ಏಪ್ರಿಲ್‌ನಲ್ಲಿ. ಆಸ್ಟ್ರೇಲಿಯಾದ ಬಾಣಸಿಗ ಕರ್ಟಿಸ್ ಸ್ಟೋನ್ ನಿರೂಪಕರು. ಹನ್ನೆರಡು ಮಂದಿ ಸ್ಪರ್ಧಿಗಳು. ಅವರಲ್ಲಿ ನಮ್ಮವರು ಇಬ್ಬರು. ದೆಹಲಿಯ ಸುವೀರ್ ಸರನ್ ಒಬ್ಬರು, ಫ್ಲಾಯ್ಡ್ ಇನ್ನೊಬ್ಬರು. ತೀರ್ಪುಗಾರರ ಮೇಜಿನಲ್ಲಿ ಯಾರು ಕೂತಿದ್ದರು ಗೊತ್ತೇ? ಹನ್ನೆರಡು ವರ್ಷದ ಹಿಂದೆ ‘ತಬಲಾ’ಕ್ಕೆ ಮೂರು ನಕ್ಷತ್ರ ಕೊಟ್ಟ ಅದೇ ರೂತ್ ರೈಷಲ್! ಇಂಥ ಸನ್ನಿವೇಶವನ್ನು ನಮ್ಮ ಕಥೆಗಾರರು ಬರೆದರೆ “ಇದೇನ್ರೀ, ಬರೀ ಸಿನಿಮೀಯ!” ಅಂದುಬಿಡ್ತೀವಿ.

ಒಬ್ಬೊಬ್ಬರೇ ಚಾಕು ಕಟ್ಟಿಕೊಂಡು ಹೊರಟರು. ಕೊನೆಗೆ ಉಳಿದದ್ದು ಮೂವರು. ಲಾಸ್ ಏಂಜಲೀಸಿನ ಮೇರಿ ಸೂ ಮಿಲಿಕನ್ ಆಗಲೇ ಟಿವಿಯಲ್ಲಿ ಅಡಿಗೆ ಕಲಿಸಿ ಮನೆಮಾತಾದವರು. ಸ್ಯಾನ್ ಫ್ರಾನ್ಸಿಸ್ಕೋದ ಟ್ರೇಸಿ ಡೆ ಜಾರ್ಡಾನ್ ಸಾಮಾನ್ಯಳಲ್ಲ. ಮೂರನೆಯವರು ನಮ್ಮ ಫ್ಲಾಯ್ಡ್.

ಕ್ಲೈಮಾಕ್ಸ್‌ನಲ್ಲಿ ಒಗ್ಗರಣೆ

ಈಗ ನೀವೇ ಯೋಚಿಸಿ. ಇಡೀ ದೇಶ ನೋಡುತ್ತಿದೆ. ಅಂತಿಮ ಊಟ. ಫ್ರೆಂಚ್ ವಿದ್ಯೆಯೆಲ್ಲ ಬೆರಳ ತುದಿಯಲ್ಲಿದೆ. ನೀವಾಗಿದ್ದರೆ ಏನು ಬಡಿಸುತ್ತಿದ್ದಿರಿ? ಯಾರೂ ಹೆಸರೇ ಕೇಳದ ದುಬಾರಿ ಪದಾರ್ಥ ತರಿಸಿ ಕಣ್ಣು ಕುಕ್ಕುವ ಹಾಗೆ ಅಲಂಕರಿಸುತ್ತಿರಲಿಲ್ಲವೇ?

ಫ್ಲಾಯ್ಡ್ ಬಡಿಸಿದ ಬಗೆಗಳಲ್ಲಿ ಒಂದು, ಉಪ್ಪಿಟ್ಟು!

ಹೆಸರು ಮಾತ್ರ ‘ಉಪ್ಮಾ ಪೊಲೆಂಟಾ’ ಅಂತಿಟ್ಟರು. ಪೊಲೆಂಟಾ ಅಂದರೆ ಇಟಲಿಯ ಬಡವರ ಊಟ. ಮುಸುಕಿನ ಜೋಳದ ನುಚ್ಚನ್ನು ನೀರಿನಲ್ಲಿ ಬೇಯಿಸಿ ಕೆದಕುತ್ತಾ ಮೆತ್ತಗೆ ಮಾಡುವುದು. ನಮ್ಮ ಉಪ್ಪಿಟ್ಟಿಗೆ ಅದು ದೂರದ ದಾಯಾದಿ ಅನ್ನಿ. ಅದರ ಜತೆಗೆ ಕಾಡು ಅಣಬೆ. ತೆಂಗಿನ ಹಾಲು. ಹುಳಿಗೆ ಕೋಕಂ, ಅಂದರೆ ನಮ್ಮ ಕರಾವಳಿಯ ಪುನರ್ಪುಳಿ, ಮಲೆನಾಡಿನ ಮುರುಗಲು! ಬೇಸಿಗೆಯಲ್ಲಿ ಮಂಗಳೂರಿನಲ್ಲಿ ಶರಬತ್ತು ಮಾಡಿ ಕುಡಿಯುತ್ತೇವಲ್ಲ, ಅದೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಟಿವಿಯಲ್ಲಿ ಅಡಿಗೆ ನೋಡುವವನಿಗೆ ಸಾರಿನ ಘಮ ಬರುವುದಿಲ್ಲ, ನಾಲಿಗೆಗೆ ತುತ್ತು ಸಿಗುವುದಿಲ್ಲ. ಹಾಗಾದರೆ ನಾವು ನೋಡುವುದೇನನ್ನು? ಮಾಡುವವನನ್ನು. ಅವನ ಕೈ ನಡುಗುತ್ತದೆಯೇ? ತಟ್ಟೆ ಇಟ್ಟು ಹಿಂದೆ ಸರಿದಾಗ ಅವನ ಮುಖ ಹೇಗಿದೆ? ತಿಂದವರ ಹುಬ್ಬು ಏರಿತೇ, ಇಳಿಯಿತೇ? ತಟ್ಟೆಯ ರುಚಿ ನಮಗೆ ಸಿಗುವುದು ಆ ಮುಖಗಳಲ್ಲೇ. ಮೂಕಿ ಚಿತ್ರ ನೋಡಿದ ಹಾಗೆ!

ಅಡಿಗೆಯವನನ್ನು ಅವನ ಅಡಿಗೆಯಿಂದಲೇ ಗುರುತಿಸುವ ಕಥೆ ನಮಗೆ ಹೊಸದೂ ಅಲ್ಲ. ನಳ ಮಹಾರಾಜ ರಾಜ್ಯ ಕಳೆದುಕೊಂಡು, ರೂಪ ಕಳೆದುಕೊಂಡು, ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಬಳಿ ಸೇವೆಗಿದ್ದ. ಕಣ್ಣಿಗೆ ಅವನು ನಳನಂತೆ ಕಾಣಲಿಲ್ಲ. ದಮಯಂತಿ ಅವನು ಮಾಡಿದ ಅಡಿಗೆಯನ್ನು ತರಿಸಿ ಬಾಯಿಗಿಟ್ಟಳು. “ಇದು ನನ್ನ ನಳನ ಕೈಯದೇ!” ಎಂದು ಗೊತ್ತಾಗಿಹೋಯಿತು. ವೇಷ ಸುಳ್ಳು ಹೇಳಬಹುದು, ಕೈರುಚಿ ಹೇಳುವುದಿಲ್ಲ.

ಫ್ಲಾಯ್ಡ್ ವಿಷಯದಲ್ಲೂ ಆದದ್ದು ಅಷ್ಟೇ. ಒಲೆ ಆರಿದ ಹೊತ್ತಿನಲ್ಲಿ ಅವರು ಬೇರೆಯವರ ವೇಷ ಹಾಕಲಿಲ್ಲ. ತಾನು ಯಾವ ನೆಲದವನೋ ಆ ನೆಲದ ತಿಂಡಿಯನ್ನೇ ತಟ್ಟೆಗೆ ಹಾಕಿ, ತಲೆ ಎತ್ತಿ ನಿಂತರು.

ಫಲಿತಾಂಶ? ಗೆದ್ದವರು ಫ್ಲಾಯ್ಡ್ ಕಾರ್ಡೋಜ್! ಒಂದು ಲಕ್ಷ ಡಾಲರ್! ಅದು ಸೇರಿದ್ದು ನ್ಯೂಯಾರ್ಕಿನ ಮೌಂಟ್ ಸೈನಾಯ್‌ನಲ್ಲಿ ಕ್ಯಾನ್ಸರ್ ಸಂಶೋಧನೆ ಮಾಡುವ ಯುವ ವಿಜ್ಞಾನಿಗಳ ನಿಧಿಗೆ. ಒಂದು ಕಾಲದ ಜೀವರಸಾಯನದ ವಿದ್ಯಾರ್ಥಿ, ಬಿಟ್ಟುಬಂದ ವಿಜ್ಞಾನದ ಋಣವನ್ನು ಸೌಟು ಹಿಡಿದು ತೀರಿಸಿದ ಹಾಗಾಯಿತು!

ಮತ್ತೆ ಊರಿಗೆ

ಗೆದ್ದ ಮೇಲೆ ಒಲೆ ಮತ್ತೆ ಹೊತ್ತಿತು. 2012ರಲ್ಲಿ ನ್ಯೂಯಾರ್ಕಿನಲ್ಲಿ ‘ನಾರ್ತ್ ಎಂಡ್ ಗ್ರಿಲ್’. ಆಮೇಲೆ ಹುಟ್ಟೂರಿನ ಸೆಳೆತ. 2015ರಲ್ಲಿ ಯುವ ಪಾಲುದಾರರ ಜತೆ ಮುಂಬೈಯಲ್ಲಿ ‘ಬಾಂಬೆ ಕ್ಯಾಂಟೀನ್’ ತೆರೆದರು. ಕ್ಯಾಂಟೀನ್! ಹೆಸರು ಗಮನಿಸಿದಿರಾ? 2017ರಲ್ಲಿ ಗೋವಾದ ರುಚಿಯ ‘ಓ ಪೆಡ್ರೋ’. 2020ರ ಆರಂಭದಲ್ಲಿ ಮಿಠಾಯಿಗೆಂದೇ ‘ಬಾಂಬೆ ಸ್ವೀಟ್ ಷಾಪ್’.

ಆ ಮಿಠಾಯಿ ಅಂಗಡಿಯ ಸಂಭ್ರಮ ಮುಗಿಸಿ ಮಾರ್ಚ್ ತಿಂಗಳಲ್ಲಿ ಫ್ಲಾಯ್ಡ್ ಅಮೆರಿಕಕ್ಕೆ ಮರಳಿದರು. ಆಗ ಗಾಳಿಯಲ್ಲಿ ಬೇರೊಂದು ವಿಷ ತೇಲುತ್ತಿತ್ತು. ಕೋವಿಡ್ ತಗುಲಿತು. 2020ರ ಮಾರ್ಚ್ 25ರಂದು ನ್ಯೂಜೆರ್ಸಿಯಲ್ಲಿ ತೀರಿಕೊಂಡರು. ವಯಸ್ಸು ಬರೀ 59. ಅವರ ಗುರು ಗ್ರೇ ಕುಂಜ್ ಅದೇ ತಿಂಗಳ 5ರಂದು ಕಣ್ಮುಚ್ಚಿದ್ದರು. ಗುರು ಹೋದ ಇಪ್ಪತ್ತು ದಿನಕ್ಕೆ ಶಿಷ್ಯನೂ ಹೊರಟುಹೋದ.

ಆ ದಿನ ನಮಗೆಲ್ಲ ಇನ್ನೊಂದು ಕಾರಣಕ್ಕೆ ನೆನಪಿದೆ. ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡ ಲಾಕ್‌ಡೌನಿನ ಮೊದಲ ದಿನ ಅದು. ಥಿಯೇಟರ್ ಬಂದ್, ಹೋಟೆಲ್ ಬಂದ್, ಬಸ್ಸೂ ಇಲ್ಲ. ತರಕಾರಿ ಸಿಕ್ಕೀತೋ ಇಲ್ಲವೋ ಎಂಬ ಭಯ. ಆಗ ಡಬ್ಬಿಯ ತಳದಲ್ಲಿ ಏನಿತ್ತು ಹೇಳಿ? ಒಂದು ಪಾವು ರವೆ, ಸಾಸಿವೆ, ಒಂದೆರಡು ಒಣ ಮೆಣಸಿನಕಾಯಿ. ಎಷ್ಟು ಮನೆಗಳಲ್ಲಿ ಅಂದು ಉಪ್ಪಿಟ್ಟು ಕೆದಕಿದ್ದೇವೋ! ಅದಕ್ಕೆ ಒಂದು ಲಕ್ಷ ಡಾಲರ್ ಗೆದ್ದುಕೊಟ್ಟ ಮನುಷ್ಯ ಅದೇ ದಿನ ಸಾಗರದಾಚೆ ಕೊನೆಯುಸಿರೆಳೆದದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಯಿತು?

ಅದಕ್ಕೇ ಈ ಲೇಖನ, ಓದುಗರೇ. ಸಿನಿಮಾದಲ್ಲಿ ಪೋಷಕ ನಟ ಸತ್ತಾಗ ನಾವು ಹೇಳುತ್ತೇವೆ, “ಅಯ್ಯೋ, ಎಂಥ ಕಲಾವಿದ! ಇದ್ದಾಗ ಯಾರೂ ಗುರುತಿಸಲಿಲ್ಲ” ಅಂತ. ಉಪ್ಪಿಟ್ಟಿನ ವಿಷಯದಲ್ಲಾದರೂ ಆ ತಪ್ಪು ಮಾಡುವುದು ಬೇಡ.

ನಾಳೆ ಬೆಳಿಗ್ಗೆ ಮನೆಯಲ್ಲಿ ಅಮ್ಮನೋ ಹೆಂಡತಿಯೋ ತಟ್ಟೆ ಮುಂದಿಟ್ಟಾಗ “ಇವತ್ತೂ ಕಾಂಕ್ರೀಟಾ?” ಅಂತ ಮೂತಿ ತಿರುವಬೇಡಿ. ಒಂದು ತುತ್ತು ಬಾಯಿಗಿಟ್ಟು ನೋಡಿ. ಕೈ ಯಾರದು ಅಂತ ಗೊತ್ತಾಗುತ್ತದೆ. ಇನ್ನೊಂದಿಷ್ಟು ಹಾಕಿಸಿಕೊಳ್ಳಿ!