ಮೇಲಿನಿಂದ ಕೆಳಕ್ಕೆ ಓದಿ!

ಘೋಷಿಸಿಬಿಡುತ್ತೇನೆ, ಮೊದಲೇ! ಈ ಲೇಖನದೊಳಗೆ ಒಂದು ಗುಟ್ಟಿದೆ. ಕಣ್ಣೆದುರೇ ಇದೆ, ಆದರೂ ಕಾಣದು. ಗೋಕಾಕದ ಕರದಂಟು ಕಚ್ಚಿದಾಗ ಬೆಲ್ಲದ ನಡುವೆ ಇಡೀ ಗೋಡಂಬಿಯೊಂದು ಹಲ್ಲಿಗೆ ಸಿಗುತ್ತದಲ್ಲ, ಹಾಗೆ ಥಟ್ಟನೆ ಸಿಗಬೇಕು. ಹುಡುಕುತ್ತಾ ಓದಿ!

ಡಬ್ಬಿಯೊಳಗೊಂದು ಡಬ್ಬಿ ನೋಡಿದ್ದೀರಿ. ಪದ್ಯದೊಳಗೊಂದು ಪದ್ಯ ನೋಡಿದ್ದೀರಾ? ಅಂಥದೊಂದು ಗ್ರಂಥವಿದೆ! ಅದರ ಪದ್ಯಗಳನ್ನು ಎಂದಿನಂತೆ ಎಡದಿಂದ ಬಲಕ್ಕೆ ಓದಿದರೆ ಕನ್ನಡ. ಅವೇ ಪದ್ಯಗಳ ಮೊದಲಕ್ಷರಗಳನ್ನಷ್ಟೇ ಹೆಕ್ಕಿ ಮೇಲಿನಿಂದ ಕೆಳಕ್ಕೆ ಓದಿದರೆ? ಊಹಿಸಿ! ಕವಿಯ ಹೆಸರೇ? ದೇವರ ಹೆಸರೇ? ಅಲ್ಲ! ಇನ್ನೊಂದು ಪದ್ಯ. ಅದೂ ಕನ್ನಡದಲ್ಲಲ್ಲ, ಪ್ರಾಕೃತದಲ್ಲಿ!

ಗೇಲಿಯಲ್ಲ, ನಿಜ! ಇನ್ನೂ ಇದೆ. ಅದೇ ಪದ್ಯಗಳ ನಡುವೆ ಬರುವ 27ನೇ ಅಕ್ಷರಗಳನ್ನು ಹಾಗೆಯೇ ಕೆಳಕ್ಕೆ ಪೋಣಿಸಿ. ಈಗ ಬರುವುದು ಸಂಸ್ಕೃತ! ಹೆಣಿಗೆ ಒಂದು. ಭಾಷೆ ಮೂರು. ಒಂದೇ ಒಂದು ಅಕ್ಷರ ಅತ್ತಿತ್ತ ಸರಿದರೂ ಒಳಗಿನ ಪದ್ಯ ಕಡಿದುಬೀಳುತ್ತದೆ!

ರಿವಾಜು ಹೊಸದಲ್ಲ, ಮೊದಲಕ್ಷರಗಳಲ್ಲಿ ಗುಟ್ಟು ಅಡಗಿಸುವುದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ನೋಡಿ. ಕುವೆಂಪು! ಇಂಗ್ಲೆಂಡಿನ ಲೂಯಿಸ್ ಕ್ಯಾರಲ್ ಒಂದು ಕವಿತೆಯ 21 ಸಾಲುಗಳ ಮೊದಲಕ್ಷರಗಳಲ್ಲಿ ಆಲಿಸ್ ಎಂಬ ಹುಡುಗಿಯ ಪೂರ್ತಿ ಹೆಸರನ್ನೇ ಬಚ್ಚಿಟ್ಟ. ಅದೂ ಬೆರಗೇ! ಆದರೆ ಅಲ್ಲಿ ಅಡಗಿದ್ದು ಒಂದು ಹೆಸರು. ಇಲ್ಲಿ ಅಡಗಿದ್ದು ಇನ್ನೊಂದು ಭಾಷೆಯ ಪದ್ಯ! ಯಾವುದು ಆ ಗ್ರಂಥ?

ಸಿರಿಭೂವಲಯ! ಕುಮುದೇಂದು ಮುನಿಯ ಕೃತಿ. ಅದರ ಮೂಲದಲ್ಲಿ ಎಷ್ಟು ಅಕ್ಷರಗಳಿವೆ, ಹೇಳಿ? ಒಂದೂ ಇಲ್ಲ! ಬರೀ ಅಂಕಿ! ಕನ್ನಡ ಅಂಕಿ! ಅಡ್ಡ 27 ಮನೆ, ಉದ್ದ 27 ಮನೆ, ಒಟ್ಟು 729 ಮನೆಗಳ ಒಂದು ಚಕ್ರ. ಪ್ರತಿ ಮನೆಯಲ್ಲೂ 1ರಿಂದ 64ರೊಳಗಿನ ಒಂದು ಸಂಖ್ಯೆ. 64 ಏಕೆ? 27 ಸ್ವರ, 25 ವರ್ಗೀಯ ವ್ಯಂಜನ, 8 ಅವರ್ಗೀಯ ವ್ಯಂಜನ, 4 ಯೋಗವಾಹ. ಕೂಡಿಸಿ ನೋಡಿ! ಒಂದೊಂದು ಅಂಕಿಗೂ ಒಂದೊಂದು ದನಿ!

ರಿಕ್ತ ಮನೆ ಒಂದೂ ಇಲ್ಲ. ಹಾಗಾದರೆ ಓದುವುದು ಎಲ್ಲಿಂದ? ಎಡಗಡೆಯ ಮೂಲೆಯಿಂದಲೇ? ತಪ್ಪು! ಮೇಲಿನ ಸಾಲಿನ ನಟ್ಟನಡುವಿನ ಮನೆಯಿಂದ. ಅಲ್ಲಿಂದ ಪಕ್ಕದ ಕಂಬಸಾಲಿನ ತಳಕ್ಕೆ ಜಿಗಿತ. ಬಳಿಕ ಓರೆಯಾಗಿ ಮೇಲಕ್ಕೆ, ಮೇಲಕ್ಕೆ! ಮಾಯಾಚೌಕ ತುಂಬುವವರ ನಡೆಯೇ ಇದು! ಇಂಥ ಓದಿನ ದಾರಿಗೆ ಬಂಧ ಎಂದು ಹೆಸರು. ಚಕ್ರಬಂಧ, ಹಂಸಬಂಧ, ಪದ್ಮಬಂಧ, ಮಯೂರಬಂಧ! ಹೆಸರು ಕೇಳಿದರೇ ಅಂಕಿಗಳಿಗೆ ರೆಕ್ಕೆ ಮೂಡಿದಂತಾಗುತ್ತದೆ.

ಯಲ್ಲಪ್ಪ ಶಾಸ್ತ್ರಿಗಳೆಂಬ ಪಂಡಿತರು ಈ ಅಂಕಿಗಳನ್ನು ಬಿಡಿಸಲು ಕುಳಿತರು. ಜೊತೆಗೆ ಕರ್ಲಮಂಗಲಂ ಶ್ರೀಕಂಠಯ್ಯ. ಅಂಕಿ ಅಕ್ಷರವಾಯಿತು. ಅಕ್ಷರ ಪದ್ಯವಾಯಿತು. ಯಾವ ಛಂದಸ್ಸು? ಸಾಂಗತ್ಯ! ಹಾಡಿಕೊಳ್ಳಲೆಂದೇ ಹುಟ್ಟಿದ ನಮ್ಮ ಕನ್ನಡದ ಸಾಂಗತ್ಯ! 1953ರಲ್ಲಿ ಬೆಂಗಳೂರಿನಿಂದ ಮೊದಲ ಸಂಪುಟ ಅಚ್ಚಾಗಿ ಬಂತು. ದೆಹಲಿಯ ರಾಷ್ಟ್ರೀಯ ಪತ್ರಾಗಾರ ಈ ಅಂಕಿಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿ ಜೋಪಾನ ಮಾಡಿತು.

ನೆತ್ತಿಗೇರುವ ಸಂಖ್ಯೆಯನ್ನು ಇನ್ನೂ ಹೇಳಿಲ್ಲ! ತನ್ನೊಳಗೆ ಎಷ್ಟು ಭಾಷೆಗಳಿವೆ ಎಂದು ಗ್ರಂಥವೇ ಹೇಳಿಕೊಳ್ಳುತ್ತದೆ, ಗೊತ್ತೇ? ಹತ್ತು? ಮೇಲಕ್ಕೆ ಹೋಗಿ. ನೂರು? ಇನ್ನೂ ಮೇಲಕ್ಕೆ. 718! ಅಷ್ಟನ್ನೂ ಯಾರೂ ಇನ್ನೂ ಬಿಡಿಸಿ ತೋರಿಸಿಲ್ಲ. ಗ್ರಂಥದ ಕಾಲ ಯಾವುದೆಂದು ವಿದ್ವಾಂಸರು ಇಂದಿಗೂ ವಾದಿಸುತ್ತಿದ್ದಾರೆ. ಬೀಗ ಇನ್ನೂ ಪೂರ್ತಿ ತೆರೆದಿಲ್ಲ!

ಲಕ್ಷದ ಲೆಕ್ಕವನ್ನೂ ಮಾಡಿಬಿಡೋಣ. ಕೈಗೆ ಸಿಕ್ಕಿರುವ ಚಕ್ರಗಳು 1,270. ಒಂದೊಂದರಲ್ಲಿ 729 ಮನೆ. ಗುಣಿಸಿ! 9,25,830! ಒಂಬತ್ತೂಕಾಲು ಲಕ್ಷ ಮನೆಗಳು. ಮನೆಮನೆಗೂ ಒಂದು ಅಂಕಿ, ಅಂಕಿ ಅಂಕಿಗೂ ಒಂದು ದನಿ. ಒಬ್ಬ ಮುನಿಯ ತಲೆಯೊಳಗೆ ಎಂಥ ಸಂತೆ ನೆರೆದಿತ್ತು!

ಈಗ ಆ ಗುಟ್ಟು! ಸಿಕ್ಕಿತೇ? ಇಲ್ಲವೇ? ಬೆರಳನ್ನು ಮತ್ತೆ ಶುರುವಿಗೆ ಒಯ್ಯಿರಿ. ಇಲ್ಲಿಯವರೆಗಿನ ಒಂಬತ್ತು ಪ್ಯಾರಾಗಳ ಮೊದಲ ಅಕ್ಷರವನ್ನಷ್ಟೇ ಓದುತ್ತಾ ಕೆಳಗಿಳಿಯಿರಿ. ಮೊದಲ ನಾಲ್ಕರಲ್ಲಿ ಒಂದು ಊರು. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆಯವರಿಗೆ ಬಾಯಿಪಾಠವಾದ ಊರು! ಉಳಿದ ಐದರಲ್ಲಿ ಆ ಊರಿಗೊಂದು ಹೊಗಳಿಕೆ.

ಈ ಒಂಬತ್ತು ಅಕ್ಷರ ಕೂಡಿಸಲು ನನಗೆ ಎರಡು ಸಂಜೆ ಹಿಡಿಯಿತು. ಒಂಬತ್ತೇ ಅಕ್ಷರ, ಒಂದೇ ಭಾಷೆ! ಕೊನೆಯ ಅಕ್ಷರ ಕೂತಾಗ ಕೂಗಿಬಿಟ್ಟೆ. ಮರುಕ್ಷಣ ಆ 729 ಮನೆಗಳು ನೆನಪಾದವು. ತಲೆ ತಾನಾಗಿಯೇ ಬಾಗಿತು.

ಈಗ ನಿಮ್ಮ ಸರದಿ. ನಿಮ್ಮೂರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಒಂದೊಂದರಿಂದ ಒಂದೊಂದು ಸಾಲು ಹೆಣೆಯಿರಿ. ಯಾರಿಗೂ ಹೇಳಬೇಡಿ. ಕಂಡವರು ಕಂಡು ಕೂಗಲಿ!