ಕಬ್ಬಿಣವೂ ಬೆವರುತ್ತದೆ

ಆರಿದ್ರಾ ಮಳೆ ಹಿಡಿದ ದಿನಗಳಲ್ಲಿ ಹಳ್ಳಿಮೈಸೂರಿನಂಥ ಊರಿನ ರಿಪೇರಿ ಅಂಗಡಿಯೊಳಗೆ ಒಮ್ಮೆ ಇಣುಕಿ ನೋಡಿ. ಮಾಡು ಎಲ್ಲಿಯೂ ಸೋರಿರುವುದಿಲ್ಲ, ಒಂದು ಹನಿ ನೀರೂ ಒಳಗೆ ಬಿದ್ದಿರುವುದಿಲ್ಲ. ಆದರೂ ಶನಿವಾರ ಸಂಜೆ ಒರೆಸಿಟ್ಟ ಲೇತಿನ ಮೇಲೆ ಸೋಮವಾರ ಬೆಳಗ್ಗೆ ಕೆಂಪು ಚುಕ್ಕೆಗಳು ಕಾಣಿಸುತ್ತವೆ. ಸಕಲೇಶಪುರದ ಘಟ್ಟದಲ್ಲಿ ಸುರಿಯುವಷ್ಟು ಮಳೆ ಹೊಳೆನರಸೀಪುರದ ಈ ಕಡೆಗೆ ಬರುವುದೂ ಇಲ್ಲ. ಹಾಗಾದರೆ ಈ ತುಕ್ಕಿಗೆ ನೀರು ಬಂದದ್ದು ಎಲ್ಲಿಂದ?

ಗಾಳಿಯಿಂದಲೇ. ಕಬ್ಬಿಣ ತುಕ್ಕು ಹಿಡಿಯಲು ಆಮ್ಲಜನಕ ಮತ್ತು ನೀರು ಎರಡೂ ಬೇಕೆಂದು ನೀವು ಶಾಲೆಯಲ್ಲಿ ಓದಿದ್ದೀರಿ. ಆದರೆ ಆ ನೀರು ಕಣ್ಣಿಗೆ ಕಾಣುವಷ್ಟು ಇರಬೇಕಾಗಿಲ್ಲ ಎಂಬುದನ್ನು ಪಠ್ಯಪುಸ್ತಕ ಒತ್ತಿ ಹೇಳುವುದಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 60 ದಾಟಿದರೆ ಸಾಕು, ಲೋಹದ ಮೇಲೆ ಅತಿ ತೆಳುವಾದ ನೀರಿನ ಪೊರೆ ಕೂಡುತ್ತದೆ, ತುಕ್ಕಿನ ವೇಗ ಒಮ್ಮೆಲೇ ಏರುತ್ತದೆ. ಬ್ರಿಟನ್ನಿನ ವಿಜ್ಞಾನಿ ವೆರ್ನನ್ 1930ರ ದಶಕದಲ್ಲಿಯೇ ಇಂಥ ಒಂದು ಮಿತಿ ಇರುವುದನ್ನು ಪ್ರಯೋಗಗಳಿಂದ ತೋರಿಸಿದ್ದರು. ಮಿತಿಗಿಂತ ಕೆಳಗೆ ಕಬ್ಬಿಣ ಬಹುಕಾಲ ಹೊಳಪಾಗಿಯೇ ಇರುತ್ತದೆ.

ಇನ್ನು ಆ ಸೋಮವಾರದ ಬೆಳಗಿಗೆ ಬರೋಣ. ರಾತ್ರಿಯ ತಂಪಿಗೆ ಲೇತು 21 ಡಿಗ್ರಿಗೆ ಇಳಿದಿದೆ ಎಂದುಕೊಳ್ಳಿ. ಬೀಡುಕಬ್ಬಿಣದ ಅಷ್ಟು ದೊಡ್ಡ ಮೈ ಬೇಗ ಬಿಸಿಯಾಗುವುದಿಲ್ಲ. ಹೊತ್ತೇರಿದ ಮೇಲೆ ಬಾಗಿಲು ತೆಗೆದಾಗ 26 ಡಿಗ್ರಿಯ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಆ ಗಾಳಿಯ ಒಂದು ಘನ ಮೀಟರಿನಲ್ಲಿ 20 ಗ್ರಾಂ ನೀರಾವಿ ಇದೆ ಎನ್ನೋಣ. ಮಳೆಗಾಲಕ್ಕೆ ಇದೇನೂ ಹೆಚ್ಚಲ್ಲ. ಆದರೆ 21 ಡಿಗ್ರಿಯ ಗಾಳಿ ಹಿಡಿದಿಡಬಲ್ಲದ್ದು ಸುಮಾರು 18 ಗ್ರಾಂ ಮಾತ್ರ. ತಣ್ಣನೆಯ ಲೇತನ್ನು ಸೋಕಿದ ಗಾಳಿ ಉಳಿದದ್ದನ್ನು ಅದರ ಮೈಮೇಲೆಯೇ ಇಳಿಸುತ್ತದೆ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಒದ್ದೆಯಾಗುವುದೂ ಹೀಗೆಯೇ. ಕುಶಲಕರ್ಮಿಗಳು ‘ಕಬ್ಬಿಣ ಬೆವರುತ್ತದೆ’ ಎನ್ನುವುದು ಇದಕ್ಕೇ. ಆದ್ದರಿಂದ ಹೊರಗೆ ಮಂಜು ಮುಸುಕಿದಾಗ ‘ಗಾಳಿಯಾಡಲಿ’ ಎಂದು ಕಿಟಕಿ ಬಾಗಿಲು ತೆರೆದಿಡುವುದು ಯಂತ್ರಕ್ಕೆ ಮಾಡುವ ಉಪಕಾರವಲ್ಲ.

ನಮ್ಮ ಬೆವರು ಇನ್ನೂ ಕೆಟ್ಟದ್ದು. ಅದರಲ್ಲಿ ಉಪ್ಪು ಇದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ವಿದ್ಯುತ್ ಕಣಗಳ ಓಡಾಟವನ್ನೂ ಸುಲಭ ಮಾಡುತ್ತದೆ. ನುಣುಪಾದ ಉಕ್ಕಿನ ಮೇಲೆ ನಿಮ್ಮ ಹೆಬ್ಬೆರಳನ್ನು ಒತ್ತಿ ನಾಲ್ಕು ದಿನ ಬಿಟ್ಟು ನೋಡಿ. ಬೆರಳಿನ ಗೆರೆಗಳೇ ತುಕ್ಕಿನಲ್ಲಿ ಮೂಡಿದರೆ ಆಶ್ಚರ್ಯಪಡಬೇಡಿ.

ಇಷ್ಟು ತಿಳಿದರೆ ಉಪಾಯ ತಾನಾಗಿ ಹೊಳೆಯುತ್ತದೆ: ಕಬ್ಬಿಣವನ್ನು ಸುತ್ತಲಿನ ಗಾಳಿಗಿಂತ ತುಸು ಬೆಚ್ಚಗಿಡಬೇಕು. 21 ಡಿಗ್ರಿಯಲ್ಲಿ ಶೇಕಡಾ 85 ಆರ್ದ್ರತೆ ಇರುವ ಗಾಳಿಯನ್ನು 27 ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರನ್ನೂ ತೆಗೆಯದೆ, ಆರ್ದ್ರತೆ ಸುಮಾರು 60ಕ್ಕೆ ಇಳಿಯುತ್ತದೆ. ಉಪಕರಣದ ಬೀರುವಿನ ತಳದಲ್ಲಿ ತಂತಿಯ ಒಂದು ಸಣ್ಣ ಬಲ್ಬು ಉರಿಸಿಡುವುದರ ಗುಟ್ಟು ಇದೇ. (ಎಲ್‌ಇಡಿ ದೀಪ ಈ ಕೆಲಸಕ್ಕೆ ಬಾರದು, ಅದು ಬಿಸಿಯಾಗುವುದು ತೀರ ಕಡಿಮೆ. ಯಾವ ಬಲ್ಬಾದರೂ ಎಣ್ಣೆಬಟ್ಟೆಯಿಂದ ದೂರವಿರಲಿ.) ಕರೆಂಟು ನಂಬುವಂತಿಲ್ಲದ ಕಡೆ ಬಿಗಿಯಾದ ಡಬ್ಬಿ ಮತ್ತು ಸಿಲಿಕಾ ಜೆಲ್ ಸಾಕು. ಆ ಹರಳುಗಳು ತೇವ ಕುಡಿದು ತಣಿದ ಮೇಲೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತವೆ.

ಎಣ್ಣೆಯ ವಿಷಯ. ಸೀಮೆಎಣ್ಣೆ ಕೊಳೆ ತೊಳೆಯಲು ಒಳ್ಳೆಯದು, ಕಾವಲಿಗಲ್ಲ, ಬೇಗ ಆರಿಹೋಗುತ್ತದೆ. ಕಡಲೆಕಾಯಿ ಎಣ್ಣೆ, ಹೊಂಗೆ ಎಣ್ಣೆ ಹಳತಾದಂತೆ ಅಂಟಾಗುತ್ತವೆ, ಆಮ್ಲವನ್ನೂ ಬಿಡುತ್ತವೆ. ಯಂತ್ರದ ಎಣ್ಣೆ ಅಥವಾ ಗ್ರೀಸನ್ನೇ ಬಳಸಿ. ಅದಕ್ಕೂ ಮೊದಲು ಲೋಹವನ್ನು ಒರೆಸಿ ಪೂರ್ತಿ ಒಣಗಿಸಿ. ಒದ್ದೆಯ ಮೇಲೆ ಎಣ್ಣೆ ಸವರಿದರೆ ನೀರು ಅಡಿಯಲ್ಲೇ ಸೆರೆಯಾಗುತ್ತದೆ. ಲೇತಿನ ಸುತ್ತ ಬಿದ್ದ ಮರದ ಪುಡಿ, ನೀರು ಬೆರೆಸಿದ ಕೂಲೆಂಟು ಎರಡನ್ನೂ ಅಂದಂದೇ ತೆಗೆಯಬೇಕು.

‘ದೆಹಲಿಯ ಕಬ್ಬಿಣದ ಕಂಬ 1600 ವರ್ಷಗಳಿಂದ ಬಯಲಲ್ಲಿ ನಿಂತಿಲ್ಲವೇ?’ ಎಂದು ನೀವು ಕೇಳಬಹುದು. ನಿಂತಿದೆ. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದು ಮೈಮೇಲೆ ಒಂದು ಕಾವಲು ಪದರ ಕಟ್ಟಿಕೊಂಡಿರುವುದನ್ನು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ಅವರ ಅಧ್ಯಯನಗಳು ವಿವರಿಸಿವೆ. ಇಂದಿನ ಉಕ್ಕು ಪೆಡಸಾಗಬಾರದೆಂದು ಅದರಿಂದ ರಂಜಕವನ್ನು ಬಹುಮಟ್ಟಿಗೆ ತೆಗೆದುಬಿಡುತ್ತಾರೆ. ನಿಮ್ಮ ಅರ, ಸ್ಪ್ಯಾನರುಗಳಿಗೆ ಆ ಭಾಗ್ಯವಿಲ್ಲ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಅಳತೆಯ ಸಾಧನಗಳಿಗೆ. ಮಿಲಿಮೀಟರಿನ ನೂರರಲ್ಲೊಂದು ಭಾಗವನ್ನು ಅಳೆಯುವ ಮೈಕ್ರೋಮೀಟರಿನ ಮುಖದಲ್ಲಿ ತುಕ್ಕು ಒಂದು ಸಣ್ಣ ಗುಳಿ ತೋಡಿದರೆ ಮುಂದಿನ ಅಳತೆಗಳನ್ನೆಲ್ಲ ಅನುಮಾನಿಸಬೇಕಾಗುತ್ತದೆ. ಉಜ್ಜಿದರೆ ಕಲೆ ಹೋದೀತು, ಹೋದ ಲೋಹ ಬಾರದು. ಅದನ್ನು ಪೆಟ್ಟಿಗೆಗೆ ಸೇರಿಸುವಾಗ ಎರಡು ಮುಖಗಳನ್ನೂ ಒತ್ತಿ ಕೂಡಿಸಿಡಬೇಡಿ. ಕೂದಲೆಳೆಯ ಸಂದಿನಲ್ಲಿ ತೇವ ಸುಲಭವಾಗಿ ನಿಲ್ಲುತ್ತದೆ. ಒರೆಸಿ, ಒಂದು ಹನಿ ತೆಳು ಎಣ್ಣೆ ಸವರಿ, ನಡುವೆ ತುಸು ಜಾಗ ಬಿಟ್ಟು ಮುಚ್ಚಿಡಿ.