ಎಂಟು ಅಂಗುಲದ ಮೇರೆ

1922ರ ವಾಷಿಂಗ್ಟನ್ ನೌಕಾ ಒಪ್ಪಂದವು ಕ್ರೂಸರ್ ಎಂಬ ವೇಗಗಾಮಿ ಯುದ್ಧನೌಕೆಗಳಿಗೆ ಒಂದು ಮೇರೆಯನ್ನು ವಿಧಿಸಿತು: ನೌಕೆಯ ಭಾರ 10,000 ಟನ್ನನ್ನೂ ಫಿರಂಗಿಯ ಬಾಯಗಲ 8 ಅಂಗುಲವನ್ನೂ ಮೀರಕೂಡದು. ಪೈಪೋಟಿಯನ್ನು ತಡೆಯಲೆಂದು ಹಾಕಿದ ಮೇರೆಯೇ ಎಲ್ಲರ ಗುರಿಯಾದುದು ವಿಚಿತ್ರವಾದರೂ ಸತ್ಯ. ಬ್ರಿಟನ್ನಿನ ‘ಕೆಂಟ್’ ಅಂತಹ 8 ಫಿರಂಗಿಗಳನ್ನು ಹೊತ್ತರೆ, ಅಮೆರಿಕದ ‘ಪೆನ್ಸಕೋಲಾ’ 10 ಫಿರಂಗಿಗಳನ್ನು ಹೊತ್ತಿತು. ಭಾರದ ಮಿತಿಯೊಳಗೆ ಇವೆಲ್ಲವನ್ನೂ ಅಳವಡಿಸಲು ಉಕ್ಕಿನ ಕವಚವನ್ನೇ ತೆಳುಗೊಳಿಸಬೇಕಾಯಿತು. 1930ರ ಲಂಡನ್ ಒಪ್ಪಂದವು ಈ ಬಗೆಯ ನೌಕೆಗಳ ಸಂಖ್ಯೆಗೂ ಕಡಿವಾಣ ಹಾಕಿತು. ಆಗ ಜಪಾನಿನ ಜಾಣತನವನ್ನು ನೋಡಿರಿ! ‘ಮೊಗಾಮಿ’ಯನ್ನು 6.1 ಅಂಗುಲದ 15 ಫಿರಂಗಿಗಳೊಡನೆ ಕಟ್ಟಿ, ಒಪ್ಪಂದದ ಬಂಧನ ಕಳೆದ ಮೇಲೆ ಅವನ್ನು ತೆಗೆದು, 8 ಅಂಗುಲದ 10 ಫಿರಂಗಿಗಳನ್ನು ಕೂಡಿಸಿತು. ಆ ವರ್ಗದ ನೌಕೆಗಳಿಂದ ಕಳಚಿದ ಫಿರಂಗಿಗಳಲ್ಲಿ ಕೆಲವು ‘ಯಮಾಟೊ’ ಮಹಾನೌಕೆಯನ್ನೇರಿದವು.